ಸೋದರಮಾವನ ಗಾಲ್ಫ್ ಕೋಲುಗಳು

ಗಾಲ್ಫ್ ಎಂಬ ಆಟವನ್ನು ನಾನು ಆಡಿದವನಲ್ಲ. ಪಾಠಶಾಲೆಯಲ್ಲಿ ಸಂಸ್ಕೃತವನ್ನೋದಿ, ಹೈಸ್ಕೂಲಿನ ಹುಡುಗರಿಗೆ ಮೂವತ್ತಕ್ಕೂ ಮಿಕ್ಕಿ ವರ್ಷ ರಾಮಶಬ್ದವನ್ನು ಬಾಯಿಪಾಠ ಮಾಡಿಸಿ, ಈಗ ಉಡುಪಿಯಲ್ಲಿ ವಿಶ್ರಾಂತನಾಗಿರುವವನಿಗೆ ಸಾಹೇಬರ ಆಟದ ಗೊಡವೆಯೇತಕ್ಕೆಂದು ವಾಚಕರು ಕೇಳಿದರೆ ತಪ್ಪಲ್ಲ. ಕಳೆದ ವರ್ಷದ ಆಷಾಢದಿಂದ ಕಾರ್ತಿಕದವರೆಗೆ ಐದು ಹಳೆಯ ಕೋಲುಗಳು ನನ್ನನ್ನು ಕಾಪುವಿನಿಂದ ಕಾರ್ಕಳಕ್ಕೂ ಕಾರ್ಕಳದಿಂದ ಮಣಿಪಾಲಕ್ಕೂ ಅಲೆಯಿಸಿದುವು. ಆ ಕಥೆಯನ್ನಷ್ಟೇ ಇಲ್ಲಿ ಬರೆಯುತ್ತಿರುವೆನು.

ಕೋಲುಗಳು ನನ್ನ ಸೋದರಮಾವನವು. ಅವರು ಚಿಕ್ಕಮಗಳೂರು ಸೀಮೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. 1956ರಲ್ಲಿ ತೋಟವನ್ನು ಮಾರಿ ತನ್ನ ದೇಶಕ್ಕೆ ಹೊರಟ ದೊರೆಯು ಒಂದು ತೊಗಲಿನ ಚೀಲವನ್ನೂ ಅದರೊಳಗಿನ ಐದು ಕೋಲುಗಳನ್ನೂ ಇವರಿಗೆ ಕೊಟ್ಟುಹೋದನಂತೆ. 1977ರಲ್ಲಿ ಮಾವನು ಕೆಲಸದಿಂದ ನಿವೃತ್ತರಾಗಿ ಕಾಪುವಿನ ಮನೆಗೆ ಬಂದಾಗ ಚೀಲವೂ ಬಂದಿತು. ನನಗಾಗ ಇಪ್ಪತ್ತು ವರ್ಷ. ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ಗರ್ವ ಬೇರೆ. ಒಂದು ಸಂಜೆ ಮಾವನು ಜಗಲಿಯಲ್ಲಿ ಕುಳಿತು ಆ ಕೋಲುಗಳ ಕಬ್ಬಿಣದ ತಲೆಗಳಿಗೆ ತೆಂಗಿನೆಣ್ಣೆಯನ್ನು ತಿಕ್ಕುತ್ತಿದ್ದರು. ಬಂದಿದ್ದ ನೆಂಟರೆದುರಿಗೆ ನಾನು, “ನಮ್ಮ ಮಾವ ಬ್ರಹ್ಮದಂಡವನ್ನು ಬಿಟ್ಟು ಮ್ಲೇಚ್ಛದಂಡವನ್ನು ಧಾರಣೆ ಮಾಡಿದ್ದಾರೆ” ಎಂದೆನು. ಎಲ್ಲರೂ ನಕ್ಕರು. ಮಾವನೂ ನಕ್ಕರು. ಚೀಲವು ಅಂದು ರಾತ್ರಿಯೇ ಅಟ್ಟಕ್ಕೇರಿತು. ನನ್ನ ಪುಸ್ತಕಗಳಿಗೂ ಬಟ್ಟೆಗೂ ತಿಂಗಳು ತಿಂಗಳು ತಪ್ಪದೆ ಮನಿಯಾರ್ಡರು ಕಳುಹಿಸಿದವರು ಅವರೇ. 1984ರಲ್ಲಿ ತೀರಿಕೊಂಡರು. ಅಷ್ಟರವರೆಗೂ ಅವರ ಬಾಯಿಂದ ಆ ಆಟದ ಮಾತು ಮತ್ತೆ ಹೊರಡಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಅಕ್ಕನ ಮೊಮ್ಮಗನೊಬ್ಬನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಆರಡಿ ಮೂರಿಂಚು ಎತ್ತರ. ನಮ್ಮ ವಂಶದಲ್ಲಿ ಅಂತಹ ಎತ್ತರದವರಿಲ್ಲ. ಅವನ ತಂದೆಯ ಕಡೆಯದಿರಬೇಕು. ಸ್ನೇಹಿತರೊಡನೆ ಮಂಗಳೂರಿನ ಬಳಿಯ ಪಿಲಿಕುಳದ ಮೈದಾನಕ್ಕೆ ಹೋಗಿ, ಎರವಲು ಕೋಲುಗಳಿಂದ ಈ ಆಟದ ರುಚಿ ಹಿಡಿಸಿಕೊಂಡಿದ್ದನು. ಅಟ್ಟದ ಚೀಲದ ಸುದ್ದಿ ಅವನಿಗೆ ಯಾರು ಹೇಳಿದರೋ, ಒಂದು ಆದಿತ್ಯವಾರ ಮಳೆಯಲ್ಲಿ ನೆನೆದುಕೊಂಡು ಕಾಪುವಿಗೆ ಬಂದು, “ಅಜ್ಜಾ, ಇಳಿಸಿ ಕೊಡಿ” ಎಂದನು.

ಅಡುಗೆಮನೆಯ ಹೊಗೆ ತಾಗುತ್ತಿದ್ದ ಅಟ್ಟವಾದುದರಿಂದ ಮರಕ್ಕೆ ಹುಳು ಹಿಡಿದಿರಲಿಲ್ಲ. ಚೀಲವು ಮಾತ್ರ ಬೂಷ್ಟು ಹಿಡಿದು ಬಿರಿದಿದ್ದಿತು. ಅದರ ಪಕ್ಕದ ಜೇಬಿನಲ್ಲಿ ಬಟ್ಟೆಯಲ್ಲಿ ಕಟ್ಟಿದ ಕೆಲವು ಮರದ ತುಂಡುಗಳಿದ್ದುವು. ಎರಡು ಗಂಟಿನಿಂದ ಜಾರಿ ಹೊರಗೆ ಬಿದ್ದುವು. ಮಳೆಗಾಲದಲ್ಲಿ ಒಣಗಿದ ಚಕ್ಕೆಯೆಂದರೆ ಬಂಗಾರ. ಆ ಎರಡನ್ನು ಬಚ್ಚಲ ಒಲೆಗೆ ಹಾಕಿ, ಗಂಟನ್ನು ಮೂಲೆಗೆಸೆದೆನು.

ಹುಡುಗನು ಕೋಲುಗಳನ್ನು ಜಗಲಿಯ ಮೇಲೆ ಸಾಲಾಗಿಟ್ಟು ಹೆಸರು ಹೇಳಿದನು: ಬ್ರಾಸಿ, ಮಿಡ್‌ಐರನ್, ಮ್ಯಾಷಿ, ನಿಬ್ಲಿಕ್, ಪಟರ್. ಈಗಿನವಕ್ಕೆ ಇಂತಹ ಹೆಸರುಗಳಿಲ್ಲ, ಬಹುಮಟ್ಟಿಗೆ ಐದು, ಏಳು, ಒಂಬತ್ತು ಎಂದು ಅಂಕೆಗಳಷ್ಟೇ. ನನಗೇನೋ ಹಳೆಯ ಹೆಸರುಗಳೇ ಸೊಗಸಾಗಿ ಕಂಡುವು. ಕೋಲಿನ ದಂಡವು ಹಿಕರಿಯೆಂಬ ಅಮೇರಿಕದ ಮರದ್ದು. ಸೇಂಟ್ ಆಂಡ್ರೂಸಿನ ಗಾಲ್ಫ್ ಸಂಸ್ಥೆಯು ಉಕ್ಕಿನ ದಂಡಕ್ಕೆ ಅನುಮತಿಯಿತ್ತುದು 1929ರಲ್ಲಿ. ಅಲ್ಲಿಯವರೆಗೆ ಆ ಸಂಸ್ಥೆಯ ನಿಯಮದಂತೆ ಆಡುವವರು ಮರದ ದಂಡದಿಂದಲೇ ಆಡುತ್ತಿದ್ದರು. ಹುಡುಗನು ಮ್ಯಾಷಿಯನ್ನು ಹಿಡಿದು ನಿಂತನು. ನನಗೆ ನಗು ಬಂದಿತು. ಗಿಡ್ಡ ಹಿಡಿಸೂಡಿಯಿಂದ ಅಂಗಳ ಗುಡಿಸುವವರಂತೆ ಬೆನ್ನು ಬಾಗಿದ್ದಿತು. ಅಳೆದು ನೋಡಿದರೆ ಕೋಲು 35½ ಇಂಚು.

“ಉದ್ದ ಮಾಡಿಸಬಹುದು ಅಜ್ಜ, ಆದರೆ ಎಷ್ಟೆಂದು ಲೆಕ್ಕ ಹಾಕಬೇಕು” ಎಂದನು. ಆಳಿನ ಎತ್ತರವೊಂದನ್ನೇ ನೋಡಿದರೆ ಸಾಲದಂತೆ. ನೆಟ್ಟಗೆ ನಿಂತು ಕೈಗಳನ್ನು ಇಳಿಯಬಿಟ್ಟಾಗ ಮಣಿಕಟ್ಟಿನಿಂದ ನೆಲಕ್ಕಿರುವ ದೂರವೇ ಮುಖ್ಯ. ಎತ್ತರದವನ ತೋಳುಗಳೂ ನೀಳವಾಗಿದ್ದರೆ ಸಾಧಾರಣ ಕೋಲೇ ಸಾಕು. ಎಂದಮೇಲೆ ಆಜಾನುಬಾಹುವಾದವನಿಗೆ ಈ ತೊಂದರೆಯೇ ಇಲ್ಲ! ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಜಿನಪ್ರತಿಮೆಗೆ ಮೊಳಕಾಲು ಮುಟ್ಟುವ ತೋಳುಗಳನ್ನು ವಿಧಿಸಿರುವನಷ್ಟೆ. ಆ ಲಕ್ಷಣದವನು ಎಷ್ಟು ಎತ್ತರವಿದ್ದರೂ ಅಂಗಡಿಯ ಕೋಲಿನಿಂದಲೇ ಆಡಬಲ್ಲನು. ನಮ್ಮ ಹುಡುಗನ ತೋಳುಗಳು ಅಷ್ಟಿಲ್ಲ. ಮಣಿಕಟ್ಟಿನಿಂದ ನೆಲಕ್ಕೆ 39 ಇಂಚು ಬಂದಿತು. ಮ್ಯಾಷಿಗೆ 38 ಇಂಚು ಬೇಕೆಂದು ಅವನು ನಿಶ್ಚಯಿಸಿದನು. ಪಟರ್ ಹೊರತು ಬೇರಾವ ಕೋಲೂ 48 ಇಂಚನ್ನು ಮೀರಕೂಡದೆಂದು ಆಟದ ನಿಯಮವಿರುವುದರಿಂದ ಆ ಕಡೆಯ ಭಯವಿರಲಿಲ್ಲ.

ಈ ಮಾತು ನನಗೆ ಹೊಸದಾಗಿ ಕೇಳಿಸಲಿಲ್ಲ. ಉಪನಯನದ ವಟುವಿಗೆ ಕೊಡುವ ದಂಡವು ಬ್ರಾಹ್ಮಣನಿಗೆ ಕೂದಲವರೆಗೆ, ಕ್ಷತ್ರಿಯನಿಗೆ ಹಣೆಯವರೆಗೆ, ವೈಶ್ಯನಿಗೆ ಮೂಗಿನವರೆಗೆ ಇರಬೇಕೆಂದು ಮನುಸ್ಮೃತಿಯಲ್ಲಿದೆ. ಇಷ್ಟು ಮೊಳವೆಂದು ಎಲ್ಲರಿಗೂ ಒಂದೇ ಅಳತೆಯಿಲ್ಲ. ಚರಕನು ಮನುಷ್ಯನ ಎತ್ತರವನ್ನು 84 ಅಂಗುಲವೆಂದಾಗ ಅವು ಆಯಾ ಮನುಷ್ಯನ ಸ್ವಂತ ಬೆರಳಿನ ಅಂಗುಲಗಳು. ಅಗ್ನಿಚಯನದ ವೇದಿಯನ್ನಂತೂ ಯಜಮಾನನು ಕೈಯೆತ್ತಿ ನಿಂತಾಗಿನ ಉದ್ದದ ಬಿದಿರಿನಿಂದ ಅಳೆಯುವರು. ಇದೆಲ್ಲವನ್ನೂ ಪಾಠ ಹೇಳಿದ ನಾನೇ ಎತ್ತರದ ಹುಡುಗರನ್ನು ಹಿಂದಿನ ಬೆಂಚಿಗೆ ದೂಡಿ, ಗಿಡ್ಡ ಮೇಜಿನ ಮೇಲೆ ಗೂನು ಬೆನ್ನಿನಿಂದ ಬರೆಯಿಸಿದ್ದೂ ಉಂಟು.

ಉಕ್ಕಿನ ದಂಡವಾದರೆ ಒಳಗೆ ಟೊಳ್ಳು. ಮೇಲ್ತುದಿಯಲ್ಲಿ ಒಂದು ಬಿರಡೆಯನ್ನು ಬಡಿದರೆ ಉದ್ದವಾಯಿತು. ಮರದ ದಂಡಕ್ಕೆ ಹಾಗಲ್ಲ. ಮೊದಲು ನೋಡಿದ ಬಡಗಿಯೊಬ್ಬನು ಕಬ್ಬಿಣದ ನಳಿಗೆಯನ್ನು ತೊಡಿಸಿ ಮೊಳೆ ಹೊಡೆಯುವೆನೆಂದನು. ಅಲ್ಲಿಂದ ಎದ್ದು ಬಂದೆವು. ಕೊನೆಗೆ ಕಾರ್ಕಳದಲ್ಲಿ ವೃದ್ಧ ಆಚಾರ್ಯರೊಬ್ಬರ ಮನೆಗೆ ಹೋದೆವು. ಅವರು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಈ ಊರಿನಲ್ಲಿ ಎತ್ತರದವನು ಆ ಗುಡ್ಡದ ಮೇಲಿನವನೊಬ್ಬನೇ ಎಂದಿದ್ದೆ” ಎಂದರು. ಗೊಮ್ಮಟನು ಅಲ್ಲಿ 1432ರಿಂದ 42 ಅಡಿ ಎತ್ತರದಲ್ಲಿ ನಿಂತಿರುವನು.

ಹಿಡಿಗೆ ಸುತ್ತಿದ ತೊಗಲನ್ನು ಬಿಚ್ಚದೆ ಜೋಡಣೆಯಾಗದು. ಅದು ನನಗೆ ಮನಸ್ಸಿಲ್ಲದ ಕೆಲಸ. ಆ ತೊಗಲಿನ ಮೇಲೆ ಹೆಬ್ಬೆರಳೊಂದು ಒತ್ತಿ ಒತ್ತಿ ಗುಳಿಬಿದ್ದ ಗುರುತಿದ್ದಿತು. ದೊರೆಯದೋ ಮಾವನದೋ ಹೇಳುವವರಾರು? ಆಚಾರ್ಯರು ಚೂರಿಯ ಮೊನೆಯಿಂದ ತುದಿಯನ್ನೆಬ್ಬಿಸಿ ಮೆಲ್ಲನೆ ಸುರುಳಿ ಬಿಚ್ಚಿದರು. ಮರದ ತಲೆಯನ್ನು ಬೆಳಕಿಗೆ ಹಿಡಿದು ಒಂದು ಕ್ಷಣ ಸುಮ್ಮನಿದ್ದು, “ಮಾಷ್ಟ್ರೇ, ಇದನ್ನು ಮೊದಲೇ ಯಾರೋ ಕೊಯ್ದಿದ್ದಾರೆ. ಕಸುಬಿನವರಲ್ಲ, ಗರಗಸ ಎರಡು ಸಲ ದಾರಿ ತಪ್ಪಿದೆ” ಎಂದರು.

ಕೊಯ್ದ ಮುಖದ ಮೇಲೆ ಶಾಯಿಯಲ್ಲಿ ಕನ್ನಡದ ಮೂರು ಎಂಬ ಅಂಕೆಯಿದ್ದಿತು. ತೊಗಲಿನ ಕೆಳಗೆ ಬಿಗಿದಿದ್ದುದು ಲೆಕ್ಕದ ಪುಸ್ತಕಗಳನ್ನು ಹೊಲಿಯುವ ದಪ್ಪ ನೂಲು. ಆ ಮೂರನ್ನು ನಾನು ನೂರಾರು ಮನಿಯಾರ್ಡರು ಕೂಪನ್ನುಗಳಲ್ಲಿ ಕಂಡಿದ್ದೆನು. ದೊರೆಯು ಎತ್ತರದ ಆಳು. ಮಾವನು ಐದಡಿ ಎರಡಿಂಚು. ಕೋಲುಗಳನ್ನು ಅವರು ತಮ್ಮ ಮೈಗೆ ತಕ್ಕಂತೆ ತುಂಡರಿಸಿಕೊಂಡಿದ್ದರು. ಎಂದರೆ ಆಡಿದ್ದರು. ಗುಡ್ಡದ ಹುಲ್ಲಿನ ಮೇಲೆ, ಬಹುಶಃ ಲೆಕ್ಕದ ಕೆಲಸ ಮುಗಿದ ಮೇಲೆ, ಒಬ್ಬರೇ, ಇಪ್ಪತ್ತು ವರ್ಷ. ಒಂದು ಪುಡಿ ಕಾಗದವನ್ನೂ ಎಸೆಯದ ಮನುಷ್ಯ ಕೊಯ್ದ ತುಂಡುಗಳನ್ನು ಏನು ಮಾಡಿದ್ದಿರಬೇಕೆಂಬುದು ಆಗ ನನಗೆ ಹೊಳೆಯಿತು.

ಮೂಲೆಯ ಗಂಟಿನಲ್ಲಿ ಒಂದು, ಮೂರು, ಐದು ಇದ್ದುವು. ಎರಡೂ ನಾಲ್ಕೂ ಬೂದಿಯಾಗಿ ತಿಂಗಳಾಗಿದ್ದಿತು.

ಮರುವಾರ ಆಚಾರ್ಯರು ಮೂರನೆಯ ತುಂಡನ್ನು ಮ್ಯಾಷಿಯ ತುದಿಗಿಟ್ಟರು. ಮರದ ಎಳೆಗೆ ಎಳೆ ಕೂಡಿತು. ಗರಗಸ ತಿಂದಷ್ಟನ್ನು ಬಿಟ್ಟರೆ 38 ಇಂಚು ಸರಿಯಾಗಿ ಬಂದಿತು; ಹುಡುಗನ ಲೆಕ್ಕವೂ ದೊರೆಯ ಮೈಯೂ ಒಂದೇ ಆಗಿದ್ದುವು. ಎರಡೂ ಮುಖಗಳಿಗೆ ನಡುವೆ ರಂಧ್ರ ಕೊರೆದು, ದಂಡದೊಳಗೆ ಮೂರಿಂಚು ಇಳಿಯುವಂತೆ ಕಾಲಿಂಚು ದಪ್ಪದ ತಡಸಲಿನ ಗೂಟವನ್ನು ಕೂರಿಸಿದರು. ತಡಸಲು ಬಾಗಿದರೂ ಮುರಿಯದ ನಮ್ಮ ಕಾಡಿನ ಮರ. ಸಂಸ್ಕೃತದಲ್ಲಿ ಧನ್ವನವೆಂದರೆ ಇದೇ. ಧನ್ವವೆಂದರೆ ಬಿಲ್ಲು. ಹಿಂದಾದರೆ ಸರೇಸಿನಿಂದ ಅಂಟಿಸುತ್ತಿದ್ದರು. ನಮ್ಮ ಮಳೆಗಾಲದ ತೇವಕ್ಕೆ ಅದು ಬಿಟ್ಟುಕೊಳ್ಳುವುದೆಂದು ಆಚಾರ್ಯರು ಅರಾಲ್ಡೈಟನ್ನು ತರಿಸಿದರು. ಎರಡು ದಿನ ಕದಲಿಸದೆ ಇಟ್ಟು, ಜೋಡಣೆಯ ಮೇಲೆ ಮೇಣ ಹಚ್ಚಿದ ನೂಲನ್ನು ಸುತ್ತಿ, ಹಳೆಯ ತೊಗಲನ್ನೇ ಎಣ್ಣೆಯಿಂದ ಮೆತ್ತಗೆ ಮಾಡಿ ಮತ್ತೆ ಸುತ್ತಿದರು. ಸಾಲದುದಕ್ಕೆ ಮದ್ದಳೆಗೆ ಬಿಗಿಯುವ ಬಾರು. ಹೆಬ್ಬೆರಳಿನ ಗುಳಿಯು ಎರಡಿಂಚು ಕೆಳಗೆ ಸರಿದುಹೋಯಿತು, ಅಳಿಯಲಿಲ್ಲ.

ಕೋಲಿನ ತಲೆಯು ನೆಲಕ್ಕೆ ಸಮನಾಗಿ ಕೂರುವುದೂ ಮುಖ್ಯವಂತೆ. ಎತ್ತರದವನು ಗಿಡ್ಡ ಕೋಲನ್ನು ಹಿಡಿದರೆ ದಂಡವು ನೆಟ್ಟಗಾಗಿ, ತಲೆಯ ಮೂತಿಯು ನೆಲ ಕುಕ್ಕಿ ಹಿಮ್ಮಡಿಯು ಮೇಲೇಳುವುದು. ಚೆಂಡು ಎಡಬಲ ತಪ್ಪುವುದು. ಮೊದಲು ಹಿಮ್ಮಡಿಯ ಕೆಳಗೆ ಅಂಚೆಕಾರ್ಡು ಸಲೀಸಾಗಿ ತೂರುತ್ತಿದ್ದಿತು, ಈಗ ಸಿಕ್ಕಿಕೊಂಡಿತು. ಪಕ್ಕದ ಕಮ್ಮಾರನು ಕಬ್ಬಿಣದ ಕುತ್ತಿಗೆಯನ್ನು ತುಸು ಬಗ್ಗಿಸಿಕೊಡಲು ಸಿದ್ಧನಿದ್ದನು, ಅಗತ್ಯ ಬೀಳಲಿಲ್ಲ. ಉದ್ದವಾದ ಮೇಲೆ ಕೋಲು ತಲೆಭಾರವೆಂದು ಹುಡುಗನಿಗೆ ತೋರಿತು. ವೃತ್ತಕ್ಕೆ ಒಂದು ಮಾತ್ರೆ ಹೆಚ್ಚಿದರೆ ನಡೆಯೇ ಕೆಡುವುದಲ್ಲವೆ? ಕಾಪುವಿನ ಕಡಲತೀರದಿಂದ ಬಲೆಗೆ ಕಟ್ಟುವ ಸೀಸದ ಗುಂಡೊಂದನ್ನು ತಂದು ತಟ್ಟಿ, ಹಿಡಿಯ ತುದಿಯೊಳಗೆ ಅಡಗಿಸಿದೆವು. ತೂಗು ಸರಿಹೋಯಿತು.

ಬ್ರಾಸಿಯೂ ಪಟರೂ ಹಾಗೆಯೇ ಆದುವು. ಮಿಡ್‌ಐರನಿಗೆ ಇಡೀ ತಡಸಲಿನ ತುಂಡನ್ನೇ ಕಟ್ಟಿದರು. ಬಣ್ಣದಲ್ಲಿ ಬೇರೆ ಕಾಣುತ್ತದೆ. ನಿಬ್ಲಿಕ್ಕಿನ ಸರದಿ ಬಂದಾಗ ಹುಡುಗನು, “ಅಜ್ಜಾ, ಇದು ಹೀಗೆಯೇ ಇರಲಿ” ಎಂದನು. ಒಲೆಯ ಸಂಗತಿಯನ್ನು ಅವನಿಗೆ ನಾನೇ ಹೇಳಿದ್ದೆನು.

ಕಾರ್ತಿಕದಲ್ಲಿ ಕೊಯ್ಲು ಮುಗಿದು ಕಾಪುವಿನ ಮನೆಯ ಹಿಂದಿನ ಗದ್ದೆಗಳು ಬಯಲಾದುವು. ಹುಡುಗನು ಬೆನ್ನು ನೆಟ್ಟಗಿಟ್ಟು ಮ್ಯಾಷಿಯನ್ನು ಬೀಸಿದನು. ಚೆಂಡು ಮೂರು ಗದ್ದೆಗಳನ್ನು ದಾಟಿ ತೆಂಗಿನ ಸಾಲಿನ ಬುಡದಲ್ಲಿ ಬಿದ್ದಿತು. ಆಮೇಲೆ ನಿಬ್ಲಿಕ್ಕನ್ನು ನನ್ನ ಕೈಗೆ ಕೊಟ್ಟನು. ನಾನೂ ಐದಡಿ ಎರಡಿಂಚಿನವನೇ. ಪಂಚೆಯನ್ನೆತ್ತಿ ಕಟ್ಟಿ, ಅವನು ತೋರಿಸಿದಂತೆ ನಿಂತು, ಗುಳಿಯ ಮೇಲೆ ಹೆಬ್ಬೆರಳಿಟ್ಟೆನು. ಎಲ್ಲಿಯೂ ಬಾಗಬೇಕಾಗಲಿಲ್ಲ. ಮೊದಲ ಎರಡು ಸಲ ಮಣ್ಣೆದ್ದಿತು. ಮೂರನೆಯ ಸಲ ಚೆಂಡು ಟಣ್ಣೆಂದು ಹಾರಿ ಬದುವಿನಾಚೆಯ ತೋಡಿನಲ್ಲಿ ಬಿದ್ದಿತು. ಹುಡುಗನು ಅದನ್ನು ಹುಡುಕಲು ನೀರಿಗಿಳಿದನು.