ನಿಲ್ಲದ ತಂಬೂರಿ

"ಹಾಡು ಮುಗಿದು ಎಷ್ಟು ಹೊತ್ತಾಯಿತು, ತಂಬೂರಿ ಮಾತ್ರ ನಿಂತೇ ಇಲ್ಲವಲ್ರೀ!" ಎಂದರು ಪಕ್ಕದ ಮನೆಯಾಕೆ. ಅದು ತಂಬೂರಿಯಲ್ಲ, ನಮ್ಮ ಮಾವನವರ ವಾಲ್ವ್ ಆಂಪ್ಲಿಫೈಯರಿನ ಗುಂಯ್ ಸದ್ದು ಎನ್ನಲು ನನಗೆ ನಾಚಿಕೆಯಾಯಿತು.

ಮಾವನವರು ಕೈಯಾರೆ ಕಟ್ಟಿದ ಪೆಟ್ಟಿಗೆ ಅದು. ಅವರು ಹೋದ ಮೇಲೆ ಹೊಲ, ಮನೆ ಜಗಳವಿಲ್ಲದೆ ಪಾಲಾದವು. ಅಣ್ಣತಮ್ಮಂದಿರು ಮುನಿಸಿಕೊಂಡದ್ದು ಈ ಪೆಟ್ಟಿಗೆಯ ಮೇಲೆ. ವಾಲ್ವುಗಳ ಫಿಲಮೆಂಟಿಗೆ ಹೋಗುವ 6.3 ವೋಲ್ಟನ್ನು ಎ.ಸಿ. ಬದಲು ಡಿ.ಸಿ. ಮಾಡಿದರೆ ಸದ್ದು ಹೋಗುತ್ತದೆಂದು ಮೈದುನನ ವಾದ. "ಅಪ್ಪ ಮಾಡಿದ್ದನ್ನು ತಿದ್ದುವಷ್ಟು ದೊಡ್ಡವನಾದೆಯಾ?" ಎಂದು ನಮ್ಮವರು. ಅಲ್ಲಿಂದ ಮೈದುನ ಹಬ್ಬಕ್ಕೂ ಬರುವುದು ಬಿಟ್ಟ.

ಕೊನೆಗೆ ನಾನೇ ಪೇಟೆಯ ಹಳೆಯ ರೇಡಿಯೋ ರಿಪೇರಿಯವರನ್ನು ಕರೆಸಿದೆ. ಮೈದುನನಿಗೂ ಫೋನು ಮಾಡಿ, "ಪಂಚಾಯ್ತಿ ಇದೆ, ಬಾ" ಎಂದೆ.

ರಿಪೇರಿಯವರು ನನ್ನನ್ನೇ ಕೇಳಿದರು: "ಅಮ್ಮಾ, ಕಾವಲಿ ಚೆನ್ನಾಗಿ ಕಾದಿದ್ದಾಗ ಉರಿ ಒಂದು ಗಳಿಗೆ ಕುಗ್ಗಿದರೆ ದೋಸೆಗೆ ಗೊತ್ತಾಗುತ್ತದೆಯೇ?"

"ಇಲ್ಲ."

"ಇದೂ ಹಾಗೇ. ಎ.ಸಿ. ಸೆಕೆಂಡಿಗೆ 50 ಸಲ ತುಯ್ದಾಡುತ್ತದೆ. ಆದರೆ ಈ ವಾಲ್ವುಗಳಲ್ಲಿ ಫಿಲಮೆಂಟು ಬರೀ ಒಲೆ. ಎಲೆಕ್ಟ್ರಾನು ಹೊರಡುವುದು ಅದರ ಸುತ್ತಲಿನ ಕ್ಯಾಥೋಡ್ ಕೊಳವೆಯಿಂದ. ಕಾದ ಕೊಳವೆಗೆ ಆ ತುಯ್ದಾಟ ತಟ್ಟುವುದಿಲ್ಲ."

ಕೆಂಡದ ಮೇಲೇ ರೊಟ್ಟಿ ಸುಟ್ಟಂತೆ, ಫಿಲಮೆಂಟಿನಿಂದಲೇ ಎಲೆಕ್ಟ್ರಾನು ಹೊರಡುವ 300ಬಿಯಂಥ ವಾಲ್ವುಗಳೂ ಉಂಟಂತೆ. ಅವಕ್ಕೆ ಡಿ.ಸಿ. ಕೊಟ್ಟರೆ ಸದ್ದು ಕಡಿಮೆ. ಕರೆಂಟಿಲ್ಲದ ಹಳ್ಳಿಗಳ ಬ್ಯಾಟರಿ ರೇಡಿಯೋಗಳಲ್ಲೂ ಅಂಥವೇ ಇದ್ದವು, 1.4 ವೋಲ್ಟಿನವು.

ಪ್ಲಗ್ಗು ಕಿತ್ತು, ಕೆಪಾಸಿಟರುಗಳಲ್ಲಿ ಉಳಿದ ಕರೆಂಟನ್ನು ಇಳಿಸಿ, ಪೆಟ್ಟಿಗೆಯನ್ನು ಮಗುಚಿದರು. ಫಿಲಮೆಂಟಿನ ಎರಡು ವೈರುಗಳು ಬಿಡಿಬಿಡಿಯಾಗಿ ಮೊದಲ ವಾಲ್ವಿನ ಪಕ್ಕದಲ್ಲೇ ಹಾದಿದ್ದವು. ಅರ್ಥಿಂಗಿನ ಒಂದು ಬೆಸುಗೆಯೂ ಬಿಟ್ಟಿತ್ತು. "ಮೊದಲ ವಾಲ್ವಿನಲ್ಲಿ ಹಾಡು ಇನ್ನೂ ಕೂಸು. ಅಲ್ಲಿ ಸೇರಿದ ಸದ್ದು ಹಾಡಿನ ಜೊತೆಗೇ ಬೆಳೆಯುತ್ತದೆ. ಇದು ಹಳೆಯ ವೈರಲ್ಲ, ಯಾರು ಹಾಕಿದ್ದು?"

ನಮ್ಮವರು ಗೋಡೆ ನೋಡಿದರು. "ಇಲಿ ಕಡಿದಿತ್ತು... ನಾನೇ ಹಾಕಿದ್ದೆ."

ಮೈದುನ ನಗಲಿಲ್ಲ. ಆ ಹೊತ್ತಿಗೆ ಅದೇ ದೊಡ್ಡ ಉಪಕಾರ.

"ಎಲ್ಲ ವಾಲ್ವಿಗೂ ಡಿ.ಸಿ. ಮಾಡಿದರೆ ಈ ಹಳೆಯ ಟ್ರಾನ್ಸ್‌ಫಾರ್ಮರಿಗೆ ಹೊರೆ ಹೆಚ್ಚಿ ಅತಿಯಾಗಿ ಕಾಯುತ್ತದೆ. ಮೊದಲು ಇದನ್ನು ಸರಿಮಾಡೋಣ. ಆಮೇಲೂ ಸದ್ದು ಉಳಿದರೆ ಮೊದಲ ವಾಲ್ವೊಂದಕ್ಕೆ ಡಿ.ಸಿ. ಕೊಡೋಣ" ಎಂದು ಇಬ್ಬರ ಮಾನವನ್ನೂ ಉಳಿಸಿದರು ಆ ಹಿರಿಯರು.

ಹೊಸ ವೈರುಗಳನ್ನು ಹೊಸೆಯಲು ನನಗೆ ಕೊಟ್ಟರು. ದಿನಾ ದೀಪದ ಬತ್ತಿ ಹೊಸೆಯುವವಳಿಗೆ ಇದೇನು ಕಷ್ಟ? ಎರಡರಲ್ಲಿ ಕರೆಂಟು ಎದುರುಬದುರಾಗಿ ಹರಿಯುವುದರಿಂದ, ಬಿಗಿಯಾಗಿ ಹೊಸೆದಾಗ ಒಂದರ ಕಾಟವನ್ನು ಇನ್ನೊಂದು ಅಳಿಸುತ್ತದಂತೆ.

"ಎದುರುಬದುರಾದವರು ಹತ್ತಿರ ಇದ್ದರೇ ಮನೆಗೆ ನೆಮ್ಮದಿ ಅನ್ನಿ" ಎಂದೆ, ಇಬ್ಬರಿಗೂ ಕೇಳುವಂತೆ.

ಸಂಜೆ ಮನ್ಸೂರರ ರೆಕಾರ್ಡು ಹಾಕಿದೆವು. ಹಾಡು ನಿಂತಾಗ ಸದ್ದೂ ನಿಂತಿತು. ಸ್ಪೀಕರಿಗೆ ಕಿವಿ ಹಚ್ಚಿದರೆ ಮಾತ್ರ ಸಣ್ಣ ಉಸಿರಿನಂತೆ ಏನೋ. "ಅಪ್ಪ ಇದ್ದಾಗ ಹೀಗೇ ಇತ್ತು" ಎಂದ ಮೈದುನ. "ಹೌದು ಕಣೋ" ಎಂದರು ನಮ್ಮವರು. ಡಿ.ಸಿ.ಯ ಮಾತು ಯಾರೂ ಎತ್ತಲಿಲ್ಲ.

ನಾನು ಒಳಗೆ ಹೋಗಿ ಕಾವಲಿ ಇಟ್ಟೆ. ಮೈದುನ ಊಟಕ್ಕೆ ನಿಂತಿದ್ದ.