ಬಚ್ಚಲಮನೆಯ ಮಾತ್ರೆ

ಶನಿವಾರ, ಸಖರಾಯಪಟ್ಟಣ. ರಂಗನಾಥನ ಗುಡಿಗೆ ಹೊರಡುವ ಮುಂಚೆ ಮನೆಮಂದಿಗೆಲ್ಲ ತಲೆಸ್ನಾನ ಆಗಬೇಕು. ಹಿತ್ತಲ ಬಚ್ಚಲಿನ ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಬನ್ನಿ. ಅಡಿಕೆ ಸಿಪ್ಪೆಯ ಹೊಗೆಗೆ ಕಣ್ಣು ಉರಿಯುತ್ತದೆ. ಹಂಡೆಯ ನೀರು ಮರಳುತ್ತಿದೆ. ಮಣೆಯ ಮೇಲೆ ಹನ್ನೊಂದರ ಹುಡುಗ, ಮೈತುಂಬ ಹರಳೆಣ್ಣೆ. ಅಜ್ಜಿಯ ಕೈಯಲ್ಲಿ ಚೊಂಬು. ಹೊಸ್ತಿಲಲ್ಲಿ ನಿಂತ ಅವನ ಅಮ್ಮನ ಕಣ್ಣು ಮಾತ್ರ ನಡುಮನೆಯ ಗಡಿಯಾರದ ಮೇಲೆ.

"ಮಾತ್ರೆ ಕೊಟ್ಟು ಎಷ್ಟೊತ್ತಾಯ್ತೇ?"

"ಆರೂವರೆಗೆ ಕೊಟ್ಟೆ ಅತ್ತೆ. ಎಂಟಾಗ್ಲಿ."

ನೀವೂ ಕಾಯುತ್ತೀರಿ. ಕಳೆದ ದೀಪಾವಳಿಯ ಎಣ್ಣೆಸ್ನಾನ ಈ ಮನೆಯವರು ಮರೆತಿಲ್ಲ. ಬಿಸಿಬಿಸಿ ನೀರು ನಾಲ್ಕು ಚೊಂಬು ನೆತ್ತಿಗೆ ಬಿದ್ದದ್ದೇ ತಡ, ಹುಡುಗನ ನೋಟ ಗೋಡೆಯಲ್ಲಿ ನೆಟ್ಟಿತು. ಕರೆದರೆ ಓಗೊಡಲಿಲ್ಲ. ಅಜ್ಜಿಯ ಕೈಯಿಂದ ಚೊಂಬು ಕಿತ್ತುಕೊಂಡು ತಾನೇ ಸುರಿದುಕೊಳ್ಳತೊಡಗಿದ, ನಿಲ್ಲಿಸಲೇ ಇಲ್ಲ. ಆಮೇಲೆ ಕೈಕಾಲು ಸೆಟೆದವು. ಯಾರೋ ಬೀಗದ ಕೈ ತಂದು ಮುಷ್ಟಿಗೆ ತುರುಕಿದರು. ಪಾಪ, ಕಬ್ಬಿಣಕ್ಕೇನು ಗೊತ್ತು.

ಇದು ಬಿಸಿನೀರಿನ ಮೂರ್ಛೆ. ನಮ್ಮ ದಕ್ಷಿಣ ಕರ್ನಾಟಕದಲ್ಲಿ ಕಂಡಷ್ಟು ಜಗತ್ತಿನ ಬೇರೆಡೆ ಕಾಣುವುದು ಅಪರೂಪ. ಡಾ. ಕೆ. ಎಸ್. ಮಣಿ 1968ರಲ್ಲೇ ಇದರ ಬಗ್ಗೆ ಬರೆದರು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ಮಂದಿಯ ವಿವರ ಪ್ರಕಟಿಸಿದರು. ಮತ್ತೆ ಮತ್ತೆ ಸುರಿದುಕೊಳ್ಳುವುದೂ ಕಾಯಿಲೆಯದೇ ಲಕ್ಷಣ. ಕೆಲವರಿಗೆ ಆ ಗಳಿಗೆಯಲ್ಲಿ ವಿಚಿತ್ರ ಹಿತ ಆಗುತ್ತದಂತೆ. ಹಠ ಅಂತ ಬೆನ್ನಿಗೆ ಬಾರಿಸಿದ ತಾಯಂದಿರನ್ನು ಬೈಯುವುದು ಹೇಗೆ?

ಬೆಳಿಗ್ಗೆ ಅವನು ನುಂಗಿದ್ದು ಕ್ಲೋಬಜಾಮ್. ಮೊದಲು ಪೇಟೆಗೆ ಬಂದದ್ದು ಮನಸ್ಸಿನ ಕಳವಳಕ್ಕೆ ಮದ್ದಾಗಿ. ದಿನಾ ನುಂಗಿಸುವ ಬದಲು ತಲೆಸ್ನಾನಕ್ಕೆ ಒಂದೂವರೆ–ಎರಡು ಗಂಟೆ ಮುಂಚೆ ಕೊಟ್ಟರೆ ಸಾಲದೇ ಎಂದು ನಿಮ್ಹಾನ್ಸ್ ವೈದ್ಯರು ಪರೀಕ್ಷಿಸಿ ನೋಡಿದರು. ಬಹಳ ಮಂದಿಗೆ ಸಾಕಾಯಿತು. ಹೊಸ ಅಣುವಿಗಾಗಿ ಕೋಟಿಗಟ್ಟಲೆ ಸುರಿಯುವ ಕಾಲದಲ್ಲಿ ಬಚ್ಚಲ ಹೊತ್ತುಗೊತ್ತು ವಿಚಾರಿಸಿದ ಈ ವಿಜ್ಞಾನ ನನಗೆ ತುಂಬ ದೊಡ್ಡದು.

ಎಂಟು ಹೊಡೆಯಿತು. ಅಮ್ಮ ಬಕೆಟ್ಟಿಗೆ ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡುತ್ತಾಳೆ. ಮೊದಲು ಕಾಲಿಗೆ, ಆಮೇಲೆ ಬೆನ್ನಿಗೆ, ಕೊನೆಗೆ ತಲೆಗೆ ಮೆಲ್ಲಗೆ. ಸೀಗೆಪುಡಿಯ ನೊರೆ ಕಣ್ಣಿಗಿಳಿದು ಹುಡುಗ ಕಿರುಚುತ್ತಾನೆ. ಅಮ್ಮನಿಗೆ ನಗು: ಕಿರುಚಿದರೆ ಎಚ್ಚರ ಇದೆ ಅಂತ ತಾನೆ!

ಅಷ್ಟರಲ್ಲಿ ದೊಡ್ಡಪ್ಪ ಮೊಬೈಲು ಹಿಡಿದು ಬರುತ್ತಾರೆ. ಇನ್ನೊಂದು ಕೈಯಲ್ಲಿ ತಮ್ಮ ಲಿವರಿನ ಮಾತ್ರೆ, ಅರ್ಸೋಡಿಯಾಕ್ಸಿಕೋಲಿಕ್ ಆಮ್ಲ. "ನೋಡಮ್ಮಾ, ಇದು ಮೆದುಳನ್ನೂ ಕಾಯುತ್ತಂತೆ. ಹುಡುಗನಿಗೂ ಕೊಡಬಹುದಾ?"

ಆಸೆ ಸುಳ್ಳಲ್ಲ. ನಿಮ್ಹಾನ್ಸ್‌ನಲ್ಲೇ ಇಲಿಗಳಿಗೆ ಬಿಸಿನೀರಿನಿಂದ ಮತ್ತೆ ಮತ್ತೆ ಮೂರ್ಛೆ ಬರಿಸಿದಾಗ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನರತಂತುಗಳು ಎಲ್ಲೆಂದರಲ್ಲಿ ಹೊಸದಾಗಿ ಕವಲೊಡೆದಿದ್ದವು. ಮೂರ್ಛೆ ನಿಲ್ಲಿಸುವುದು ಒಂದು ಕೆಲಸ, ಅದು ಮಾಡಿಹೋದ ಹಾನಿ ತಡೆಯುವುದು ಇನ್ನೊಂದು. ಆ ಎರಡನೆಯದಕ್ಕೆ ದೊಡ್ಡಪ್ಪನ ಮಾತ್ರೆಯಂಥ ಪಿತ್ತರಸದ ಆಮ್ಲಗಳು ಒದಗಬಹುದು ಎಂಬ ಸೂಚನೆ ಪ್ರಯೋಗಾಲಯದ ನರಕೋಶಗಳಲ್ಲಿ, ಪ್ರಾಣಿಗಳಲ್ಲಿ ಸಿಕ್ಕಿದೆ. ಇದೇ ಬಳಗದ ಟೌರೊಅರ್ಸೋಡಿಯಾಲ್ ಸೇರಿದ ಔಷಧಿಗೆ, ಎಎಲ್‌ಎಸ್ ಎಂಬ ನರರೋಗಕ್ಕಾಗಿ, 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಆದರೆ 2024ರಲ್ಲಿ ದೊಡ್ಡ ಪರೀಕ್ಷೆಯಲ್ಲಿ ಸೋತು ಅದು ಪೇಟೆಯಿಂದಲೇ ಹೊರಬಿತ್ತು.

ಅಮ್ಮನಿಗೆ ಇಷ್ಟೆಲ್ಲ ಗೊತ್ತಿಲ್ಲ. ಟವೆಲಿನಿಂದ ಮಗನ ತಲೆ ಒರೆಸುತ್ತಲೇ ಅನ್ನುತ್ತಾಳೆ: "ಅದು ನಿಮ್ಮ ಲಿವರಿಗೇ ಇರಲಿ ಭಾವ. ಹೆಸರು ಮಾತ್ರ ಚೀಟೀಲಿ ಬರೆದುಕೊಡಿ, ಡಾಕ್ಟರನ್ನ ಕೇಳ್ತೀನಿ."