ಐದು ಒತ್ತಿದರೆ ಹತ್ತಿರ, ಸೊನ್ನೆ ಒತ್ತಿದರೆ ದೂರ

ಪ್ರವಾಸವೆಂದರೆ ಕಾಶಿ-ರಾಮೇಶ್ವರಗಳಿಗೇ ಹೋಗಬೇಕೆಂದೇನೂ ಇಲ್ಲ. ಡೊಂಬಿವಲಿಯ ನಮ್ಮ ಮನೆಯಿಂದ ಬೆಳಗ್ಗೆ ಹೊರಟು, ಥಾಣೆ, ವಾಶಿ, ಕಲ್ಯಾಣಗಳನ್ನು ಮುಟ್ಟಿ ರಾತ್ರಿಗೆ ಮನೆ ಸೇರಿದ ಒಂದು ದಿನದ ಯಾತ್ರೆಯೂ ನಮ್ಮ ಪಾಲಿಗೆ ಪ್ರವಾಸವೇ. ದಾರಿ ತೋರಿಸಿದ್ದು ಮಾತ್ರ ಒಂದು ಹಳೆಯ ಮೊಬೈಲು.

ಕಳೆದ ದೀಪಾವಳಿಗೆ ಕಪಾಟು ಝಾಡಿಸುವಾಗ ಅದು ಕೈಗೆ ಸಿಕ್ಕಿತು. 2003ರಲ್ಲಿ ಹೊರಬಂದ ನೋಕಿಯಾ 6600; ಊಟ ಮುಗಿಸಿ ಗಾದಿಗೆ ಒರಗಿದ ಸೇಠಜಿಯಂತೆ ದುಂಡನೆಯ ಮೈ. ಆರು ವರ್ಷದ ಹಿಂದೆ ತೀರಿಕೊಂಡ ನಮ್ಮ ತಂದೆಯವರದು. ಅದಕ್ಕೆ ಬೇಕಾದ ಬಿಎಲ್-5ಸಿ ಬ್ಯಾಟರಿಯನ್ನು ಈಗಲೂ ಸಣ್ಣ ರೇಡಿಯೋಗಳಿಗೆ ಹಾಕುತ್ತಾರಾದ್ದರಿಂದ ಸ್ಟೇಷನ್ನಿನ ಬಳಿಯ ಅಂಗಡಿಯಲ್ಲಿ ಸುಲಭವಾಗಿ ದೊರಕಿತು. ಗುಂಡಿ ಒತ್ತಿದೆವು. ಪರದೆಯ ಮೇಲೆ ಎರಡು ಕೈಗಳು ಬಂದು ಒಂದನ್ನೊಂದು ಹಿಡಿದವು. ಫೋನಿಗೆ ಜೀವ ಬಂತು!

ಒಳಗೆ ಹನ್ನೊಂದು ಚಿತ್ರಗಳಿದ್ದವು. ನಮಗವು ಹನ್ನೊಂದು ರತ್ನಗಳು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಸುರಿದಾಗ ಕಲ್ಯಾಣವೂ ನೀರಿನಲ್ಲಿ ನಿಂತಿತ್ತು. ಆಗ ಅಲ್ಲಿ ನೆಲಮಹಡಿಯಲ್ಲಿದ್ದ ನಮ್ಮ ಮನೆಯ ಆಲ್ಬಮ್ಮುಗಳೆಲ್ಲ ನೆನೆದು ಮುದ್ದೆಯಾದವು. ಅಂದು ತಂದೆಯವರು ದಾರಿಯಲ್ಲಿ ರೈಲಿನಲ್ಲೇ ಸಿಕ್ಕಿಬಿದ್ದಿದ್ದರು. ಜೇಬಿನಲ್ಲಿದ್ದ ಫೋನು ಅವರೊಂದಿಗೆ ಉಳಿಯಿತು.

ಈ ಫೋನಿನಲ್ಲಿ ಚಿತ್ರ ನೋಡುವುದೂ ಒಂದು ವಿದ್ಯೆ. ಈಗಿನವರಂತೆ ಪರದೆಯನ್ನು ಬೆರಳಿನಿಂದ ಸವರಿದರೆ ಅದು ಜಪ್ಪಯ್ಯ ಎನ್ನದು. ಚಿತ್ರದಲ್ಲಿ ಅಡ್ಡಕ್ಕೆ 640, ಎತ್ತರಕ್ಕೆ 480 ಚುಕ್ಕೆಗಳು. ಪರದೆಯಲ್ಲಾದರೋ ಅಡ್ಡಕ್ಕೆ 176, ಎತ್ತರಕ್ಕೆ 208 ಮಾತ್ರ. ಎಂದರೆ ಚಿತ್ರದ ಎಂಟರಲ್ಲೊಂದು ಪಾಲಿಗಷ್ಟೇ ಅಲ್ಲಿ ಜಾಗ. ಪೂರ್ತಿ ಚಿತ್ರ ಬೇಕೆಂದರೆ ಅಂಚೆಚೀಟಿಯಷ್ಟು ಕುಗ್ಗುತ್ತದೆ. ವಿವರ ಬೇಕೆಂದರೆ 5ನ್ನು ಒತ್ತಿ ಹತ್ತಿರ ತಂದು, ಅತ್ತಿತ್ತ ಸರಿಸುತ್ತ ತುಂಡುತುಂಡಾಗಿ ನೋಡಬೇಕು. ಸೊನ್ನೆ ಒತ್ತಿದರೆ ಮತ್ತೆ ದೂರ. ಒಮ್ಮೆ ಹತ್ತಿರ ತಂದದ್ದನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ. ಪ್ರತಿಸಲವೂ ಮೊದಲಿನಿಂದಲೇ ಆರಂಭ.

ಹೀಗೆ ಹನ್ನೊಂದನ್ನೂ ನೋಡಿದ ಮೇಲೆ ಒಂದು ಸಂಗತಿ ಹೊಳೆಯಿತು. ಯಾವ ಚಿತ್ರದಲ್ಲೂ ತಂದೆಯವರಿಲ್ಲ. ತೆಗೆದವರು ಅವರೇ, ಈ ಫೋನಿಗೆ ಬೆನ್ನಲ್ಲಿ ಮಾತ್ರ ಕಣ್ಣು. ಅವ್ವ ಏನೂ ಮಾತನಾಡಲಿಲ್ಲ. ಮೂರು ಚಿತ್ರಗಳ ಸ್ಥಳ ಗುರುತು ಹಿಡಿದು, "ಅಲ್ಲಿಗೆ ಒಮ್ಮೆ ಹೋಗಿ ಬರೂಣು," ಎಂದಳು.

ಭಾನುವಾರದ ಮೆಗಾಬ್ಲಾಕಿಗೆ ಹೆದರಿ ಶನಿವಾರವೇ ಹೊರಟೆವು: ಅವ್ವ, ಮನೆಯವಳು, ಮಗಳು ಮತ್ತು ನಾವು. ಮೊದಲು ಥಾಣೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಇದೇ ಊರಿಗೆ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಮಾಸುಂದಾ ಕೆರೆ; ದಡದಲ್ಲಿ ಕೌಪಿನೇಶ್ವರನ ಗುಡಿ. ಚಿತ್ರದಲ್ಲಿ ಅವ್ವ ದೋಣಿಗಳ ಮುಂದೆ ನಿಂತಿದ್ದಾಳೆ. ಅದೇ ಜಾಗ ಹುಡುಕಿ, ಅವಳನ್ನು ಅಲ್ಲಿಯೇ ನಿಲ್ಲಿಸಿ, ಫೋನು ಹಿಡಿದು ತಾಳೆ ನೋಡಿದೆವು. ಚಿತ್ರದ ಕೆಳಗಂಚಿನಲ್ಲಿ ಒಂದು ಕಪ್ಪು ಕಲೆ. ಅಷ್ಟರಲ್ಲಿ ಮಗಳು ಕೂಗಿದಳು: "ಅಪ್ಪಾ, ಅದು ಕಲೆ ಅಲ್ಲ. ನಿನ್ನ ನೆರಳು ನೋಡು, ಹಾಗೇ ಇದೆ!"

ಕೆಳಗೆ ನೋಡಿದೆವು. ಎಳೆಬಿಸಿಲಿನಲ್ಲಿ ನಮ್ಮ ನೆರಳು ಅವ್ವನ ಕಡೆಗೆ ಚಾಚಿತ್ತು, ಕೈ ಎತ್ತಿಕೊಂಡು. 5 ಒತ್ತಿದೆವು, ಕೆಳಕ್ಕೆ ಸರಿಸಿದೆವು. ದುಂಡನೆಯ ತಲೆ, ಮೇಲೆತ್ತಿದ ಮೊಣಕೈ. ತಂದೆಯವರು!

"ಸೂರ್ಯಾ ಬೆನ್ನಿಗಿರಬೇಕು, ಅಂದ್ರ ಮಾರಿ ಛಲೋ ಬರ್ತಾವ ಅಂತಿದ್ರು," ಎಂದಳು ಅವ್ವ. "ಬಿಸಿಲಿಗೆ ನಮಗ ಕಣ್ಣು ತೆರೀಲಿಕ್ಕೇ ಆಗ್ತಿದ್ದಿಲ್ಲ."

ಥಾಣೆಯಿಂದ ವಾಶಿಗೆ ಹೋದೆವು. ಮೊದಲೆಲ್ಲ ರೈಲಿನಲ್ಲಿ ಹೋಗಬೇಕಾದರೆ ಕುರ್ಲಾಕ್ಕೆ ಹೋಗಿ ಗಾಡಿ ಬದಲಿಸಬೇಕಿತ್ತು. 2004ರ ನವೆಂಬರಿನಲ್ಲಿ ಐರೋಲಿ, ಘನ್ಸೋಲಿ ಮಾರ್ಗವಾಗಿ ನೇರ ಗಾಡಿ ಬಂದಾಗ, ತಂದೆಯವರು ನಮ್ಮನ್ನು ನವಿ ಮುಂಬಯಿ ತೋರಿಸಲು ಕರೆತಂದಿದ್ದರು. ವಾಶಿ ಸ್ಟೇಷನ್ನಿನ ಎದುರು ಅವ್ವ ಬುತ್ತಿಯ ಡಬ್ಬಿ ಹಿಡಿದು ನಿಂತ ಚಿತ್ರ ಆ ದಿನದ್ದು. ಈಗ ನಡುಹಗಲು, ನಮ್ಮ ನೆರಳು ಕಾಲಡಿಯಲ್ಲಿ ಕುಳಿತಿತ್ತು. ಚಿತ್ರದಲ್ಲಿ ಮಾತ್ರ ಸಂಜೆ. ನೀಳವಾದ ನೆರಳೊಂದು ಅವ್ವನ ಪಾದದವರೆಗೆ ಬಂದು ನಿಂತಿದೆ.

ಕೊನೆಗೆ ಕಲ್ಯಾಣ. ಕಲಬುರಗಿಯ ನಮ್ಮ ನೆಂಟರಿಗೆ ಕಲ್ಯಾಣವೆಂದರೆ ಬಸವಕಲ್ಯಾಣವೇ. "ಇಷ್ಟು ಹತ್ತಿರ ಇದ್ದೂ ಬರೂದಿಲ್ಲಲ್ಲೋ" ಎಂದು ಆಕ್ಷೇಪಿಸಿದವರೂ ಉಂಟು! ಇಲ್ಲಿ ಖಾಡಿಯ ದಂಡೆಯ ಮೇಲೆ ದುರ್ಗಾಡಿ ಕೋಟೆ, ಅದರಲ್ಲಿ ದೇವಿಯ ಗುಡಿ. ಚಿತ್ರದಲ್ಲಿ ಹದಿನಾಲ್ಕರ ಪ್ರಾಯದ ನಾವು ಕೋಟೆಯ ಬಳಿ ಹುಬ್ಬು ಗಂಟಿಕ್ಕಿ ನಿಂತಿದ್ದೇವೆ. ಇಲ್ಲಿ ತಂದೆಯವರು ತೀರ ಹತ್ತಿರದಿಂದ ತೆಗೆದಿದ್ದಾರೆ. ಅವರ ನೆರಳು ನಮ್ಮ ಮೈಮೇಲೆಯೇ ಬಿದ್ದಿದೆ.

ಮೂರನ್ನೂ ಅಚ್ಚು ಹಾಕಿಸಲು ಪೇಟೆಯ ಒಂದು ಅಂಗಡಿಗೆ ಹೋದೆವು. ಫೋನಿನ ಹಳೆಯ ಕಾರ್ಡು ಅವರ ಯಂತ್ರಕ್ಕೆ ಹಿಡಿಸಲಿಲ್ಲ. ಬ್ಲೂಟೂತಿನಿಂದ ನಮ್ಮ ಈಗಿನ ಫೋನಿಗೆ ದಾಟಿಸಿ ಕೊಟ್ಟೆವು. "ಪೋಸ್ಟ್‌ಕಾರ್ಡಿಗಿಂತ ದೊಡ್ಡದು ಮಾಡಿದರೆ ಮುಖ ಒಡೆಯುತ್ತದೆ," ಎಂದು ಹುಡುಗ ಒಳ್ಳೆಯ ಬುದ್ಧಿಯನ್ನೇ ಹೇಳಿದ. ಅರ್ಧ ತಾಸಿನಲ್ಲಿ ಕೈಗಿತ್ತ ಚಿತ್ರಗಳು ಥಳಥಳನೆ ಹೊಳೆಯುತ್ತಿದ್ದವು. ಕೋಟೆಯ ಚಿತ್ರದಲ್ಲಿ ನಮ್ಮ ಮುಖ ಬೆಳ್ಳಗಾಗಿತ್ತು. ಮೈಮೇಲಿನ ಕಪ್ಪನ್ನು ಆತ ಕಂಪ್ಯೂಟರಿನಲ್ಲಿ ಒರೆಸಿಬಿಟ್ಟಿದ್ದ. ಉಳಿದೆರಡರ ಕೆಳಗಂಚೂ ಕತ್ತರಿಸಿ ಹೋಗಿತ್ತು.

ಅವ್ವ ಬಹಳ ಹೊತ್ತು ನೋಡಿದಳು. "ಅವರನ್ನ ತೆಗೆದುಬಿಟ್ಟಾನಲ್ಲೋ," ಎಂದಳು.

ಹುಡುಗನದೇನು ತಪ್ಪು? ಅವನ ಕಣ್ಣಿಗೆ ಅದು ಕಲೆ. ಎರಡು ದಿನದ ಹಿಂದೆ ನಮ್ಮ ಕಣ್ಣಿಗೂ ಹಾಗೆಯೇ ಇತ್ತು. ವಿಷಯ ತಿಳಿಸಿದೆವು. ಮೂಲಚಿತ್ರಗಳಿದ್ದವಾದ್ದರಿಂದ, ಏನನ್ನೂ ತಿದ್ದದೆ ಮತ್ತೆ ಅಚ್ಚು ಹಾಕಿಕೊಟ್ಟ. ಎರಡನೆಯ ಸಲದ್ದಕ್ಕೆ ದುಡ್ಡು ಮುಟ್ಟಲಿಲ್ಲ. ಈಗ ಮೂರೂ ನಮ್ಮ ಗೋಡೆಯ ಮೇಲಿವೆ. ಬಂದವರು, "ಇದೇನು, ಫೋಟೋ ಕಪ್ಪಾಗಿದೆಯಲ್ಲ?" ಎನ್ನುತ್ತಾರೆ. ಅವರನ್ನು ಕೂರಿಸಿ ಚಹಾ ಕೊಟ್ಟು ಈ ಕಥೆ ಹೇಳುವುದು ಅವ್ವನ ಕೆಲಸ.

ನಿಮ್ಮ ಕಪಾಟಿನಲ್ಲೂ ಇಂಥದೊಂದು ಫೋನು ಮಲಗಿದ್ದರೆ ಎಬ್ಬಿಸಿ. ಚಿತ್ರಗಳನ್ನು ತಿದ್ದುವ ಮೊದಲು ಮೂಲವನ್ನು ಇದ್ದ ಹಾಗೆಯೇ ಬೇರೆಡೆ ನಕಲು ಮಾಡಿಡಿ. ಅಂಚು ಕತ್ತರಿಸುವ ಮುನ್ನ ಒಂದು ಸಲ 5 ಒತ್ತಿ ನೋಡಿ.